ಹಾಯಿಲ್ ಯಾಕೆ ಬಗ್ಗಿದ

ಕುರಿಯ ಕರುಳನ್ನು ಒಳಮಗ್ಗುಲು ಹೊರಗೆ ಮಾಡಿ ತೊಳೆಯುವುದು ಹಮ್ದಾಳಿಗೆ ಹೊಸ ಕೆಲಸವೇನಲ್ಲ. ಆದರೆ ಇವತ್ತು ಅದರ ವಾಸನೆ ಮೂಗಿನಿಂದ ಇಳಿದು ಗಂಟಲಿನಲ್ಲೇ ಕೂತುಬಿಟ್ಟಿತ್ತು. ಮನೆಯ ಹಿಂದೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತು ಅವಳು ಬೋಗುಣಿಗೆ ಇನ್ನೊಂದು ಹಿಡಿ ಉಪ್ಪು ಸುರಿದು ಉಜ್ಜತೊಡಗಿದಳು. ಹಾಯಿಲ್ ಸಾಯುವವರೆಗೂ ಈ ಮನೆಯಲ್ಲಿ ರೊಟ್ಟಿ ಅವಳದು, ಕಾಫಿ ಅವಳದು. ಹಿಟ್ಟನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಬೀಸುತ್ತ ಬಟ್ಟೆಯಷ್ಟು ತೆಳ್ಳಗೆ ಮಾಡಿ ಕಾದ ಹೆಂಚಿನ ಬೆನ್ನ ಮೇಲೆ ಹರಡುವುದರಲ್ಲಿ ಸುತ್ತಲಿನವರು ಯಾರೂ ಅವಳ ಸಮಕ್ಕೆ ಬರುತ್ತಿರಲಿಲ್ಲ. ಅವನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಎದ್ದು ಬಂದರೆ ಹೆಂಚಿನ ಮುಂದೆ ಬೇರೆಯವರು ಕೂತಿದ್ದರು. ಯಾರೂ ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅಂದಿನಿಂದ ಅವಳ ಪಾಲಿಗೆ ಬರುವುದು ತೊಳೆಯುವ, ಉಜ್ಜುವ, ಗುಡಿಸುವ ಕೆಲಸ, ಅವಳ ಕೈ ತಾಗಿದ್ದು ನೇರವಾಗಿ ಯಾರ ಬಾಯಿಗೂ ಹೋಗದಂಥ ಕೆಲಸ. ಹಾಯಿಲ್‌ಗೆ ಗುಂಡು ಹೊಡೆದವನು ಅವಳ ಒಡಹುಟ್ಟಿದ ತಮ್ಮ ಮುತ್ಲಕ್. ಸತ್ತವನು ಮೈದುನ, ಕೊಂದವನು ತಮ್ಮ. ಆ ಮನೆಯಲ್ಲಿ ಅಳುವುದಕ್ಕೆ ಕೂಡ ಅವಳಿಗೆ ಒಂದು ಮೂಲೆ ಇರಲಿಲ್ಲ, ಯಾರಿಗಾಗಿ ಅಳುತ್ತಿದ್ದಾಳೆ ಎಂದು ಎಲ್ಲರೂ ತಿರುಗಿ ನೋಡುತ್ತಿದ್ದರು.

ಅಡುಗೆಮನೆಯ ಕಿಟಕಿಯಿಂದ ಸುಬ್‌ಹಾ ತಲೆ ಹೊರಹಾಕಿದಳು. ಗಂಡನ ದೊಡ್ಡಪ್ಪನ ಸೊಸೆ. ಈಗ ಹೆಂಚಿನ ಮುಂದೆ ಕೂರುವವಳು ಅವಳೇ.

"ಚೆನ್ನಾಗಿ ತೊಳಿ ಹಮ್ದಾ. ನಿನ್ನ ತವರಿನೋರು ಬರ್ತಿದಾರೆ. ಅನ್ನದಲ್ಲಿ ಒಂದು ಕಲ್ಲು ಸಿಕ್ಕಿದ್ರೂ ಸಾಕು, ಮೊದಲು ಎಸೆದೋರು ನಾವೇ ಅಂತಾರೆ."

ಒಳಗಿನ ಹೆಂಗಸರು ನಕ್ಕರು. ಹಮ್ದಾಳೂ ಬಾಯಿ ಸ್ವಲ್ಪ ಅಗಲಿಸಿದಳು. ನಗದಿದ್ದರೆ ಅದಕ್ಕೂ ಒಂದು ಅರ್ಥ ಹುಟ್ಟುತ್ತಿತ್ತು.

ಇವತ್ತು ಅಬು ತರಾದ್ ಬರುತ್ತಾನೆ. ಅಜ್ಜನ ಕಾಲದಿಂದ ಬುಡಕಟ್ಟುಗಳ ನ್ಯಾಯ ಹೇಳುತ್ತ ಬಂದ ಮನೆತನದ ಮುದುಕ. ಕರಾಕ್ ಪಟ್ಟಣದ ಸರಕಾರಿ ಕೋರ್ಟು ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ, ಮುತ್ಲಕ್ ಅಲ್ಲಿಯ ಜೈಲಿನಲ್ಲಿದ್ದಾನೆ. ಆದರೆ ಎರಡು ಕಡೆಯ ಗಂಡಸರು ಮತ್ತೆ ಒಂದೇ ರಸ್ತೆಯಲ್ಲಿ ಓಡಾಡಬಹುದೇ ಎಂದು ಹೇಳಬೇಕಾದವನು ಅಬು ತರಾದ್. ಕೊಲೆ ನಡೆದ ದಿನವೇ ಅವಳ ತವರಿನವರೆಲ್ಲ ಕುರಿ, ಕೋಳಿ, ಹಾಸಿಗೆ ಸಮೇತ ಊರು ಬಿಟ್ಟು ಉತ್ತರಕ್ಕೆ ಹೋಗಿದ್ದರು. ಅದು ರೂಢಿ. ಮುತ್ಲಕ್ ತಾನಾಗಿ ಮೇಲೆ ಬಿದ್ದು ಕೊಂದ ಎಂದಾದರೆ ಅವರು ತಿರುಗಿ ಬರುವ ಹಾಗಿಲ್ಲ, ಕೈ ಎತ್ತುವುದಿಲ್ಲ ಎಂದು ಕೊಟ್ಟ ಮಾತಿನ ಗಡುವು ಮುಗಿದ ಮೇಲೆ ಅವರಲ್ಲಿ ಯಾವ ಗಂಡಸು ಕಣ್ಣಿಗೆ ಬಿದ್ದರೂ ಈ ಮನೆಯವರು ಬಿಡುವುದಿಲ್ಲ. ಹಾಯಿಲ್ ಮೊದಲು ಮೇಲೆ ಬಿದ್ದ, ಮುತ್ಲಕ್ ಜೀವ ಉಳಿಸಿಕೊಂಡ ಎಂದಾದರೆ ಅವರು ಮನೆಗೆ ಬರುತ್ತಾರೆ. ಯಾರು ಮೊದಲು. ಅಷ್ಟೇ ಪ್ರಶ್ನೆ. ಬಾವಿಯ ಹತ್ತಿರ, ಅಂಗಡಿಯಲ್ಲಿ, ಮಸೀದಿಯ ಮೆಟ್ಟಿಲಲ್ಲಿ ಜನ ಅದನ್ನು ಅಗಿದು ಅಗಿದು ರಸವಿಲ್ಲದಂತೆ ಮಾಡಿದ್ದರು.

ಕೊಲೆ ನಡೆದ ಆ ಬೆಳಿಗ್ಗೆಯೂ ಅವಳು ಗುಡಿಸುತ್ತಿದ್ದಳು. ಆಗ ಅದು ಅವಳೇ ಇಷ್ಟಪಟ್ಟು ಮಾಡುವ ಕೆಲಸ. ಹಾಯಿಲ್‌ನ ಪಿಕಪ್ ಗಾಡಿಯಲ್ಲಿ ಖರ್ಜೂರದ ಬೀಜ, ಸಿಗರೇಟಿನ ಬೂದಿ, ಕುರಿಯ ಹಿಕ್ಕೆ ಎಲ್ಲ ಇರುತ್ತಿತ್ತು. "ಅತ್ತಿಗೆ, ನನ್ನ ಗಾಡಿ ಗುಡಿಸೋಳು ಸ್ವರ್ಗಕ್ಕೆ ಹೋಗ್ತಾಳಂತೆ, ಇಮಾಮ್ ಹೇಳಿದ್ರು" ಎಂದು ಅವನು ಹಲ್ಲು ಬಿಡುತ್ತಿದ್ದ. ಕರಾಕಿಗೆ ಹೋದಾಗಲೆಲ್ಲ ಎಳ್ಳಿನ ಮಿಠಾಯಿ ತಂದು ಅವಳ ಕೈಗೇ ಕೊಡುತ್ತಿದ್ದ, ಮಕ್ಕಳಿಲ್ಲದವಳು ಎಂದು ಬೇರೆಯವರು ಅವಳನ್ನು ದಾಟಿ ನೋಡುವಾಗ ಅವನೊಬ್ಬ ದಾಟಿ ನೋಡುತ್ತಿರಲಿಲ್ಲ. ಹಿಂದಿನ ಸಂಜೆ ಮಾತ್ರ ಅವನು ಮುಖ ಗಂಟಿಕ್ಕಿಕೊಂಡು ಬಂದಿದ್ದ. ಕೊಳವೆಬಾವಿಯ ಸರದಿಯಲ್ಲಿ ಮುತ್ಲಕ್ ಏನೋ ಅಂದಿದ್ದ. ಅಕ್ಕನ್ನ ಕೊಟ್ಟಾಯ್ತು, ಇನ್ನು ನೀರಿನ ಸರದೀನೂ ಕೊಡಬೇಕಾ ನಿಮಗೆ, ಎಂದು. ಸುತ್ತಲಿದ್ದವರು ನಕ್ಕಿದ್ದರು. ಹಾಯಿಲ್ ಊಟ ಮಾಡಲಿಲ್ಲ. ಬೆಳಿಗ್ಗೆ ಅವನು ಮುಖ ತೊಳೆಯುತ್ತಿದ್ದಾಗ ಅತ್ತೆ ತುರ್ಕಿಯ್ಯಾ ಬಾಗಿಲಿಗೆ ಬಂದು, ಎಲ್ಲೋ ನೋಡುತ್ತ, ಹಾಲು ಕಾಸು ಎಂದಷ್ಟೇ ಸಲೀಸಾಗಿ ಹೇಳಿದಳು: "ಹಮ್ದಾ, ಆ ಸೀಟಿನ ಕೆಳಗಿರೋದನ್ನ ತಗೊಂಡು ಬಾ. ಇವತ್ತು ಅವನ ತಲೆ ಸರಿಯಿಲ್ಲ." ಎಣ್ಣೆಬಟ್ಟೆಯಲ್ಲಿ ಸುತ್ತಿದ ಪಿಸ್ತೂಲು. ಎತ್ತುವಾಗ ಅಂದುಕೊಂಡದ್ದಕ್ಕಿಂತ ಭಾರವಿತ್ತು. ಅವಳು ಅದನ್ನು ಉಡುಪಿನ ಮಡಿಕೆಯಲ್ಲಿಟ್ಟುಕೊಂಡು ಕಸದ ಜೊತೆಗೇ ಒಳಗೆ ತಂದಳು. ತುರ್ಕಿಯ್ಯಾ ಅವಳ ಮುಖ ನೋಡದೆ ಅದನ್ನು ತೆಗೆದುಕೊಂಡಳು. ಹಾಯಿಲ್ ಹೊರಟಾಗ ಹಾರ್ನ್ ಬಾರಿಸಿದ, ಯಾವಾಗಲೂ ಬಾರಿಸುವಂತೆ. ಅವನ ಹಾರ್ನ್ ಅಷ್ಟು ಹಗುರವಾಗಿ ಕೇಳಿದ್ದರಿಂದ ತಾನೇನೋ ಒಳ್ಳೆಯದು ಮಾಡಿದೆ ಎಂದು ಅವಳಿಗೆ ಅನಿಸಿತ್ತು.

ಹೊತ್ತು ಏರುವಷ್ಟರಲ್ಲಿ ಸುದ್ದಿ ಬಂತು. ಹಾಯಿಲ್ ಸರದಿ ಮುರಿದು ಗಾಡಿ ನುಗ್ಗಿಸಿದ. ಇಳಿದು ಬಂದು ಮುತ್ಲಕ್‌ನ ತಲೆಬಟ್ಟೆಯ ಕಪ್ಪು ಸುರುಳಿಯನ್ನು ಕಿತ್ತು ಮಣ್ಣಿಗೆ ಹಾಕಿದ. ತಿರುಗಿ ತನ್ನ ಗಾಡಿಗೆ ಹೋಗಿ, ಬಾಗಿಲು ತೆಗೆದು ಒಳಗೆ ಬಗ್ಗಿದ. ಮುತ್ಲಕ್ ತನ್ನ ಟ್ಯಾಂಕರಿನ ಮೆಟ್ಟಿಲ ಮೇಲಿಂದ ಗುಂಡು ಹಾರಿಸಿದ. ಇಲ್ಲಿಯವರೆಗೆ ಎಲ್ಲರೂ ಒಪ್ಪುತ್ತಾರೆ. ಪೊಲೀಸರು ಗಾಡಿ ಜಾಲಾಡಿದರು. ಸೀಟಿನ ಮೇಲೆ ಸಿಗರೇಟು, ಸೀಟಿನ ಕೆಳಗೆ ನೀರಿನ ಕೊಳವೆಯ ಕವಾಟ ತಿರುಗಿಸುವ ಸ್ಪ್ಯಾನರು. ಬೇರೇನೂ ಇಲ್ಲ. ಕೈ ಖಾಲಿ ಇದ್ದವನನ್ನು ಬೆನ್ನಿಗೆ ಹೊಡೆದ, ಎಂದು ಈ ಮನೆಯವರು.

ಹಮ್ದಾಳ ತಲೆಯಲ್ಲಿ ಹಾಯಿಲ್ ಇನ್ನೂ ಬಗ್ಗಿಯೇ ಇದ್ದ. ಅಂಗಳ ಗುಡಿಸುವಾಗ, ನಮಾಜಿಗೆ ತಾನೇ ಬಗ್ಗಿದಾಗ, ಈಗ ಈ ಕರುಳು ತೊಳೆಯುವಾಗ. ಪಿಸ್ತೂಲು ಅಲ್ಲೇ ಇದ್ದಿದ್ದರೆ ಅವನು ಥಟ್ಟನೆ ಎತ್ತಿಕೊಂಡು ತಿರುಗುತ್ತಿದ್ದ. ಆಗ ಸಾಯುತ್ತಿದ್ದವನು ಮುತ್ಲಕ್. ಅಥವಾ ಇಬ್ಬರೂ ಒಬ್ಬರ ಕೈ ಒಬ್ಬರು ನೋಡಿ, ಜನ ನಡುವೆ ಬಂದು, ಬೈಗುಳದಲ್ಲೇ ಮುಗಿಯುತ್ತಿತ್ತೋ ಏನೋ. ಅಲ್ಲಿ ಇರಲಿಲ್ಲ, ಅದಕ್ಕೇ ಅವನು ಕೈ ಆಡಿಸುತ್ತ ಅಷ್ಟು ಹೊತ್ತು ಬಗ್ಗಿಯೇ ಇದ್ದ. ಹೆದರಿದವನಿಗೆ ಹೆದರಿಕೆ ಬಲಿಯುವಷ್ಟು ಹೊತ್ತು ಸಿಕ್ಕಿತು. ಮುತ್ಲಕ್‌ನ ಹೆದರಿಕೆ ಅವಳಿಗೆ ಗೊತ್ತು. ತಾಯಿ ಸತ್ತ ಮೇಲೆ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಕುರಿ ಮೇಯಿಸಿದವಳು ಅವಳು. ಗುಡಾರದ ಹತ್ತಿರ ನಾಯಿ ಕಂಡರೆ ಅದು ಬೊಗಳುವ ಮೊದಲೇ ಅವನು ಕಲ್ಲು ಬೀಸುತ್ತಿದ್ದ. "ಅದು ಸುಮ್ನಿದೆಯಲ್ಲೋ" ಎಂದರೆ, "ಆಮೇಲೆ ಬೊಗಳುತ್ತೆ" ಎನ್ನುತ್ತಿದ್ದ. ಹಾಗಾದರೆ? ಹಾಗಾದರೆ ಏನೂ ಇಲ್ಲ. ಹಾಯಿಲ್ ಬಗ್ಗಿದ್ದು ಸ್ಪ್ಯಾನರಿಗೂ ಇರಬಹುದು. ನೀರು ಹಿಡಿಯಲು ಬಂದವನಿಗೆ ಸ್ಪ್ಯಾನರು ಬೇಕಲ್ಲ. ಅವಳು ಬೋಗುಣಿಯ ನೀರು ಚೆಲ್ಲಿದಳು. ಮಣ್ಣು ಅದನ್ನು ಒಂದೇ ಗುಟುಕಿಗೆ ಹೀರಿತು.

ತುರ್ಕಿಯ್ಯಾ ಉಗ್ರಾಣದಲ್ಲಿ ಒಬ್ಬಳೇ ಕೂತು ಒಣಮೊಸರಿನ ಉಂಡೆಗಳನ್ನು ಕಲ್ಲಿನಿಂದ ಜಜ್ಜಿ ನೀರಿಗೆ ಹಾಕುತ್ತಿದ್ದಳು. ಗಲ್ಲದ ಮೇಲಿನ ಹಸಿರು ಹಚ್ಚೆ ಈಚೆಗೆ ಕಪ್ಪಾಗಿ ಕಾಣುತ್ತಿತ್ತು. ಆ ಬೆಳಿಗ್ಗೆಯ ಬಗ್ಗೆ ಅತ್ತೆ ಸೊಸೆ ಇದುವರೆಗೆ ಒಂದು ಮಾತೂ ಆಡಿರಲಿಲ್ಲ. ಪಿಸ್ತೂಲು ಎಲ್ಲಿ ಹೋಯಿತೆಂದು ಹಮ್ದಾ ಕೇಳಿರಲಿಲ್ಲ. ಹೆಣ ಬಂದ ದಿನ, ಮನೆ ತುಂಬ ಜನ ಕೂಗಾಡುತ್ತಿದ್ದಾಗ, ಬಳಕೆಯಿಲ್ಲದ ಹಳೆಯ ನೀರುಗುಂಡಿಯ ಕಡೆಯಿಂದ ಅತ್ತೆ ತಲೆ ಬರಿದಾಗಿ ನಡೆದು ಬರುವುದನ್ನು ಕಂಡಿದ್ದಳು, ಅಷ್ಟೇ.

"ಅತ್ತೆ, ಇವತ್ತು ಇವರು ಆಣೆ ಇಡ್ತಾರಂತೆ."

"ಇಡಲಿ."

"ಗಾಡೀಲಿ ಆಯುಧ ಇರಲಿಲ್ಲ ಅಂತ ಕುರಾನ್ ಮುಟ್ಟಿ ಹೇಳ್ತಾರೆ."

ತುರ್ಕಿಯ್ಯಾ ಉಂಡೆಯೊಂದನ್ನು ಕಲ್ಲ ಮೇಲಿಟ್ಟು ನೋಡಿದಳು. "ಇತ್ತಾ?"

"ಇರಲಿಲ್ಲ."

"ಮತ್ತೆ? ಸುಳ್ಳೆಲ್ಲಿ ಬಂತು ಅದರಲ್ಲಿ." ಅವಳು ಜಜ್ಜಿದಳು. ಬಿಳಿಯ ಪುಡಿ ಮೊಣಕಾಲಿಗೆ ಸಿಡಿಯಿತು. "ನಿನಗೆ ಜೈಲಲ್ಲಿ ಒಬ್ಬ ಇದಾನೆ. ಶುಕ್ರವಾರ ಹೋದ್ರೆ ಮುಖ ನೋಡಬಹುದು. ನನಗೆ ಏನಿದೆ ಹೇಳು. ನನ್ನ ಮಗ ಯಾರ ತಂಟೆಗೂ ಹೋಗಿರಲಿಲ್ಲ ಅನ್ನೋದೊಂದಿದೆ. ಅದನ್ನ ಇಟ್ಕೊಂಡು ಮಲಗ್ತೀನಿ, ಅದನ್ನ ಇಟ್ಕೊಂಡು ಏಳ್ತೀನಿ."

ಹಮ್ದಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಈ ಮನೆಯಲ್ಲಿ ತನ್ನ ಕೈಯಿಂದ ಈಗಲೂ ನೀರು ಇಸಿದುಕೊಂಡು ಕುಡಿಯುವವಳು ಇವಳೊಬ್ಬಳು. ಅದು ಪ್ರೀತಿಯೋ, ತನ್ನ ಬಾಯಿಗೆ ಹಾಕಿದ ಬೀಗವೋ ಎಂದು ಅವಳಿಗೆ ಎಷ್ಟೋ ಸಲ ಅನುಮಾನ ಬಂದಿತ್ತು. ಅನುಮಾನ ಬಂದ ಕೂಡಲೇ ನಾಚಿಕೆಯೂ ಬಂದಿತ್ತು.

ಮಧ್ಯಾಹ್ನದ ನಮಾಜಿನ ನಂತರ ಗಾಡಿಗಳು ಬಂದವು. ಮನೆಯ ಮುಂದೆ ಉದ್ದನೆಯ ಕಪ್ಪು ಗುಡಾರ ಹಾಕಿದ್ದರು. ಗಂಡಸರ ಭಾಗಕ್ಕೂ ಹೆಂಗಸರ ಭಾಗಕ್ಕೂ ನಡುವೆ ನೇಯ್ದ ಕಂಬಳಿಯ ಪರದೆ. ಪರದೆಯ ಸಂದಿನಿಂದ ಹಮ್ದಾ ತನ್ನ ಚಿಕ್ಕಪ್ಪ ಶಿಹಾದೆಯನ್ನು ನೋಡಿದಳು. ತಲೆ ತಗ್ಗಿಸಿ, ಕೈಗಳನ್ನು ಮುಂದೆ ಜೋಡಿಸಿಕೊಂಡು, ತಪ್ಪಿತಸ್ಥರ ಕಡೆಯವನು ಹೇಗೆ ಬರಬೇಕೋ ಹಾಗೆ ಬಂದ. ಬಡವಾಗಿದ್ದ. ಅವನ ಮುಂದಿಟ್ಟ ಕಾಫಿಯನ್ನು ಅವನು ಮುಟ್ಟದೆ ನೆಲದ ಮೇಲಿಟ್ಟ. ಕೇಳಲು ಬಂದದ್ದು ಸಿಗುವವರೆಗೆ ಕುಡಿಯುವಂತಿಲ್ಲ. ಅವಳ ಗಂಡ ಫವ್ವಾಜ್ ಎದುರು ಕೂತಿದ್ದ, ಬೆನ್ನು ನೆಟ್ಟಗೆ, ತಮ್ಮ ಸತ್ತಂದಿನಿಂದ ಬೋಳಿಸದ ಗಡ್ಡ. ಈಚೆಗೆ ಅವನು ಅವಳ ಪಕ್ಕದಲ್ಲಿ ಮಲಗುತ್ತಿದ್ದ, ಆದರೆ ಅವಳ ಕಡೆಗೆ ತಿರುಗುತ್ತಿರಲಿಲ್ಲ. ಬೈದದ್ದೂ ಇಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು ಎಂದು ಅವಳು ಅಂದುಕೊಳ್ಳುತ್ತಿದ್ದಳು. ಅವನ ಹಿಂದೆ ದೊಡ್ಡಪ್ಪನ ಮಕ್ಕಳು ಸಾಲಾಗಿ, ಕಂದು ಬಣ್ಣದ ನಿಲುವಂಗಿ ಹೊದ್ದು ಕೂತಿದ್ದರು.

ಅಬು ತರಾದ್‌ನ ದನಿ ಬಹಳ ಸಣ್ಣದು. ಅದನ್ನು ಕೇಳಬೇಕಾದರೆ ಎಲ್ಲರೂ ಉಸಿರು ಹಿಡಿಯಬೇಕಿತ್ತು.

"ಸತ್ತವನ ಬಗ್ಗೆ ಒಳ್ಳೇದಾಡಬೇಕು. ಅದು ಬೇರೆ ದಿನ. ಇವತ್ತು ಯಾರ ಕೈ ಯಾವಾಗ ಆಡ್ತು ಅಂತ ನೋಡೋಣ. ಮೊದಲು ಹೇಳೋರು ಯಾರು?"

"ಸರದಿ ಮುರಿದವನು ಹಾಯಿಲ್," ಎಂದ ಶಿಹಾದೆ. "ದೇವರು ಅವನಿಗೆ ಒಳ್ಳೇದು ಮಾಡಲಿ. ಅಲ್ಲಿಂದ ಶುರು."

"ಶುರು ಹಿಂದಿನ ದಿನ," ಎಂದ ಫವ್ವಾಜ್. "ನಮ್ಮ ಮನೆ ಹೆಣ್ಣಿನ ಹೆಸರು ನಾಲ್ಕು ಜನರ ಮುಂದೆ ಎತ್ತಿದ ನಿಮ್ಮ ಹುಡುಗ."

"ಅವನ ಅಕ್ಕ ಅಲ್ವೇನಪ್ಪ ಅವಳು? ತಮಾಷೆಗೆ ಅಂದ."

"ಮದುವೆಯಾದ ಮೇಲೆ ಅವಳು ನಮ್ಮವಳು. ನಿಮ್ಮ ತಮಾಷೆಗೆ ಇರೋಳಲ್ಲ."

ಪರದೆಯ ಈಚೆ ಸುಬ್‌ಹಾ ಹಮ್ದಾಳ ಮುಖವನ್ನು ನೋಡಿದಳು. ಹಮ್ದಾಳಿಗೆ ಒಳಗೆ ಏನೋ ಮೃದುವಾಗಿ ನೋಯಿತು. ಇಷ್ಟು ದಿನಗಳಲ್ಲಿ ಅವನು ತನ್ನ ಬಗ್ಗೆ ಆಡಿದ ಮೊದಲ ಮಾತು ಅದು, ಅದೂ ಇನ್ನೊಬ್ಬರಿಗೆ.

"ಆ ಮಾತಿಗೆ ಈ ಸರದಿ. ಅಲ್ಲಿಗೆ ಸಮ," ಎಂದ ಅಬು ತರಾದ್. "ತಲೆಬಟ್ಟೆ ಕಿತ್ತದ್ದು?"

"ತಪ್ಪು. ಒಪ್ತೀವಿ," ಎಂದ ಫವ್ವಾಜ್. "ಆದ್ರೆ ಅದಕ್ಕೆ ಗುಂಡಲ್ಲ ಉತ್ತರ. ಕಿತ್ತು ಹಾಕಿ ಅವನು ಬೆನ್ನು ತಿರುಗಿಸಿ ಹೊರಟ. ಬೆನ್ನು ತಿರುಗಿಸಿದವನು ಜಗಳ ಮುಗಿಸಿದವನು."

"ಬೆನ್ನು ತಿರುಗಿಸಿ ಹೋದದ್ದು ಎಲ್ಲಿಗೆ?" ಶಿಹಾದೆಯ ದನಿ ಒಡೆಯಿತು. "ಮನೆಗೆ ಹೋದ್ನಾ? ಗಾಡೀಲಿ ಕೂತ್ಕೊಂಡ್ನಾ? ಬಾಗಿಲು ತೆಗೆದು ಬಗ್ಗಿದ. ಸೀಟಿನ ಕೆಳಗೆ ಕೈ ಹಾಕಿದ. ಆ ಸೀಟಿನ ಕೆಳಗೆ ಏನಿರುತ್ತೆ ಅಂತ ಬಾವಿ ಹತ್ತಿರ ಬರೋ ಪ್ರತಿಯೊಬ್ಬನಿಗೂ ಗೊತ್ತು, ಅವನೇ ತೋರಿಸ್ಕೊಂಡು ತಿರುಗ್ತಿದ್ದ. ಮುತ್ಲಕ್ ಏನು ಮಾಡಬೇಕಿತ್ತು, ಅವನು ತೆಗೆಯೋವರೆಗೆ ಕಾಯ್ಬೇಕಿತ್ತಾ?"

"ಹೌದು," ಎಂದ ಫವ್ವಾಜ್. "ಕಾದಿದ್ರೆ ಏನೂ ಬರ್ತಿರಲಿಲ್ಲ. ಅಲ್ಲಿ ಏನೂ ಇರಲಿಲ್ಲ."

ಅಬು ತರಾದ್ ಬೆರಳೆತ್ತಿದ. "ಪಂಪಿನವನು ಏನಂತಾನೆ?"

ಪಂಪು ನೋಡಿಕೊಳ್ಳುವ ಈಜಿಪ್ಟಿನವನು ಎಂಜಿನ್ ಕಡೆ ಮುಖ ಮಾಡಿದ್ದನಂತೆ. ಮುತ್ಲಕ್‌ನ ಕೈ ಸೊಂಟಕ್ಕೆ ಹೋದದ್ದು ಹಾಯಿಲ್ ಬಗ್ಗುವ ಮೊದಲೋ ನಂತರವೋ ಎಂದು ಪೊಲೀಸರಿಗೆ ಒಂದು ಹೇಳಿ, ಊರವರಿಗೆ ಇನ್ನೊಂದು ಹೇಳಿ, ಈಗ ತನ್ನ ದೇಶಕ್ಕೆ ಹೋಗಿಬಿಟ್ಟಿದ್ದ. ಗುಡಾರದಲ್ಲಿ ಯಾರೋ ಕೆಮ್ಮಿದರು.

"ಫವ್ವಾಜ್," ಎಂದ ಅಬು ತರಾದ್, "ನಿನ್ನ ತಮ್ಮನ ಹತ್ರ ಪಿಸ್ತೂಲು ಇತ್ತಾ?"

"ಇತ್ತು. ಯಾರ ಹತ್ರ ಇಲ್ಲ? ಆ ದಿನ ಇರಲಿಲ್ಲ."

"ಈಗ ಎಲ್ಲಿದೆ?"

ಫವ್ವಾಜ್ ತಡೆದ. "ಗೊತ್ತಿಲ್ಲ. ಮಾರಿರಬೇಕು. ಗಾಡೀಲಿ ಇರಲಿಲ್ಲ ಅಂತ ನಾವು ಐವರು ಕುರಾನ್ ಮುಟ್ತೀವಿ." ಅವನು ಎದ್ದು ನಿಂತ. ಅವನ ಹಿಂದೆ ದೊಡ್ಡಪ್ಪನ ಮಕ್ಕಳೂ ಎದ್ದರು.

ಹಮ್ದಾ ತುರ್ಕಿಯ್ಯಾಳನ್ನು ನೋಡಿದಳು. ಮುದುಕಿ ಕಂಬಕ್ಕೆ ಒರಗಿ ಕೂತು ಜಪಮಣಿ ಎಣಿಸುತ್ತಿದ್ದಳು. ಮಣಿಗಳು ನಿಲ್ಲಲಿಲ್ಲ. ಹೆಂಚಿನ ಮೇಲೆ ರೊಟ್ಟಿಯೊಂದು ಸುಟ್ಟು ಹೊಗೆಯಾಡುತ್ತಿತ್ತು, ಸುಬ್‌ಹಾ ಅದನ್ನು ಮರೆತು ಕಿವಿಗೊಟ್ಟಿದ್ದಳು. ಹಮ್ದಾಳಿಗೆ ಆ ರೊಟ್ಟಿಯನ್ನು ತೆಗೆಯಬೇಕು ಎನ್ನಿಸಿತು, ಕೈ ಅತ್ತ ಹೋಯಿತು ಕೂಡ. ಅಷ್ಟರಲ್ಲಿ ಬಾಯಿಯಿಂದ ಬೇರೆ ಏನೋ ಬಂದಿತ್ತು.

"ಬೆಳಿಗ್ಗೆವರೆಗೆ ಇತ್ತು."

ಪರದೆಯ ಆಚೆ ಎಲ್ಲ ನಿಂತುಹೋಯಿತು.

"ಯಾರದು ದನಿ?" ಎಂದ ಅಬು ತರಾದ್.

"ನನ್ನ ಹೆಂಡತಿ," ಎಂದ ಫವ್ವಾಜ್, ತಿರುಗದೆ.

"ಮಗಳೇ, ನೀನು ಮಾತಾಡ್ತಿರೋದು ಅವನ ಅಕ್ಕನಾಗಿಯೋ, ಇವನ ಹೆಂಡತಿಯಾಗಿಯೋ? ಅದನ್ನ ಹೇಳು ಮೊದಲು. ನಾನು ಅದಕ್ಕೆ ತಕ್ಕ ಹಾಗೆ ಕೇಳಿಸ್ಕೋಬೇಕು."

"ಆ ದಿನ ಗಾಡಿ ಗುಡಿಸಿದವಳಾಗಿ," ಎಂದಳು ಹಮ್ದಾ. ತನ್ನ ದನಿ ಇಷ್ಟು ಒಣಗಿ ಇಷ್ಟು ನೇರವಾಗಿ ಬರುತ್ತಿರುವುದು ಅವಳಿಗೇ ವಿಚಿತ್ರವೆನಿಸಿತು. "ಸೀಟಿನ ಕೆಳಗೆ ಪಿಸ್ತೂಲು ಇತ್ತು. ನಾನು ತೆಗೆದೆ. ಹಾಯಿಲ್‌ಗೆ ಗೊತ್ತಿರಲಿಲ್ಲ."

"ಯಾಕೆ ತೆಗೆದೆ?"

"ಜಗಳ ಆಗುತ್ತೆ ಅಂತ."

"ಯಾರಾದ್ರೂ ತೆಗಿ ಅಂದ್ರಾ?"

ಅವಳು ಕಾದಳು. ಅತ್ತೆಯ ಕಡೆ ನೋಡದೆ, ಇಡೀ ಮೈಯಿಂದ ಕಾದಳು. ಒಂದು ಹೂಂ ಸಾಕಿತ್ತು, ಒಂದು ಕೆಮ್ಮು ಸಾಕಿತ್ತು. ಮಣಿಗಳು ಒಂದರ ಮೇಲೊಂದು ಬೀಳುವ ಸದ್ದು ಮಾತ್ರ ಕೇಳಿತು. ಇವಳ ಹೆಸರು ಹೇಳಿದರೆ ಇಲ್ಲ ಎನ್ನುತ್ತಾಳೆ. ಮಗನನ್ನು ಕಳೆದುಕೊಂಡವಳ 'ಇಲ್ಲ'ದ ಮುಂದೆ ಕೊಂದವನ ಅಕ್ಕನ 'ಹೌದು' ನಿಲ್ಲುವುದಿಲ್ಲ, ಅದರ ಜೊತೆ ಪಿಸ್ತೂಲಿನ ಮಾತೂ ಬಿದ್ದುಹೋಗುತ್ತದೆ. ಹೀಗೆಲ್ಲ ಅವಳು ಆಮೇಲೆ ಲೆಕ್ಕ ಹಾಕಿದಳು. ಆಗ ಇದ್ದದ್ದು ಉಂಡೆ ಜಜ್ಜುತ್ತಿದ್ದ ಆ ಕೈಗಳು ಮಾತ್ರ, ಬಿಳಿಯ ಪುಡಿ ಮೆತ್ತಿದ ಕೈಗಳು.

"ಯಾರೂ ಅನ್ನಲಿಲ್ಲ. ನನಗೇ ಅನ್ನಿಸ್ತು."

"ಅದು ಎಲ್ಲಿದೆ?"

"ಅವನ ಹೆಣ ಬಂದ ದಿನ ಹಳೇ ನೀರುಗುಂಡೀಲಿ ಹಾಕಿದೆ."

ದೊಡ್ಡಪ್ಪನ ಮಕ್ಕಳಲ್ಲಿ ಇಬ್ಬರು, ಶಿಹಾದೆಯ ಕಡೆಯ ಒಬ್ಬ, ಹಗ್ಗ ಮತ್ತು ಕೊಕ್ಕೆ ತೆಗೆದುಕೊಂಡು ಹೋದರು. ಸುಬ್‌ಹಾ ಕೂತಲ್ಲಿಂದ ಸರಿದು ದೂರ ಹೋಗಿದ್ದಳು, ಉಳಿದ ಹೆಂಗಸರೂ. ಹಮ್ದಾಳ ಸುತ್ತ ಕಂಬಳಿಯ ನೆಲ ಅಗಲವಾಗಿ ಖಾಲಿಯಾಯಿತು. ಅಲ್ಲಿ ಏನೂ ಸಿಗದಿದ್ದರೆ ಎಂಬ ಯೋಚನೆ ಅವಳಿಗೆ ಈಗ ಬಂತು, ಬಂದಾಗ ಅದು ಆಸೆಯಂತೆಯೂ ಇತ್ತು. ಅವರು ಬಂದರು. ಕೆಸರು ತೊಟ್ಟಿಕ್ಕುವ ಗಂಟೊಂದನ್ನು ಅಬು ತರಾದ್‌ನ ಮುಂದೆ ಇಟ್ಟರು. ಅವನು ಅದನ್ನು ಫವ್ವಾಜ್‌ನ ಕಡೆ ಸರಿಸಿದ. ಸಂದಿನಿಂದ ಹಮ್ದಾ ನೋಡಿದಳು. ಫವ್ವಾಜ್ ಗಂಟನ್ನು ಬಿಚ್ಚಲಿಲ್ಲ. ಅದು ಹೆಂಗಸರು ಹಣೆಗೆ ಕಟ್ಟುವ ಕಪ್ಪು ಬಟ್ಟೆ. ಗಂಟು ಎರಡು ಸುತ್ತು ಹಾಕಿ ತುದಿಯನ್ನು ಒಳಗೆ ಸಿಕ್ಕಿಸಿದ್ದು. ಕುರಿ ಮೇಯಿಸಲು ಹೋಗುವ ಗಂಡುಮಕ್ಕಳಿಗೆ ತುರ್ಕಿಯ್ಯಾ ರೊಟ್ಟಿ ಕಟ್ಟಿಕೊಡುತ್ತಿದ್ದುದು ಹೀಗೇ. ಹಮ್ದಾಳಿಗೆ ಈ ಗಂಟು ಹಾಕಲು ಎಂದೂ ಬಂದಿರಲಿಲ್ಲ, ಗಂಡನೇ ಅದಕ್ಕೆ ನಕ್ಕಿದ್ದ. ಅವನ ಹೆಬ್ಬೆರಳು ಗಂಟಿನ ಮೇಲೆ ತುಂಬ ಹೊತ್ತು ನಿಂತಿತು. ಆಮೇಲೆ ಚಾಕುವಿನಿಂದ ಬಟ್ಟೆಯನ್ನು ಕೊಯ್ದ. ಪಿಸ್ತೂಲು ಹಾಯಿಲ್‌ನದೇ.

ಆಮೇಲಿನದೆಲ್ಲ ಅವಳಿಗೆ ನೀರೊಳಗಿಂದ ಕೇಳಿದಂತೆ ಕೇಳಿತು. "ನೋಡಿದಿರಾ, ನೋಡಿದಿರಾ" ಎನ್ನುತ್ತಿದ್ದ ಶಿಹಾದೆ. "ತಮ್ಮನಿಗೆ ದಾರಿ ಮಾಡಿಕೊಟ್ಟಿದಾಳೆ, ಕೈ ಬರಿದು ಮಾಡಿ ಕಳಿಸಿದಾಳೆ" ಎಂದು ಇನ್ನೊಂದು ದನಿ. ಅಬು ತರಾದ್ ಅವರೆಲ್ಲ ಸುಮ್ಮನಾಗುವವರೆಗೆ ಕಾದು ತನ್ನ ಸಣ್ಣ ದನಿಯಲ್ಲಿ ಹೇಳಿದ: "ಪಿಸ್ತೂಲು ಇದೆ ಅಂದ್ಕೊಂಡು ಆ ಜಾಗಕ್ಕೆ ಕೈ ಹಾಕಿದವನು ಪಿಸ್ತೂಲಿಗೇ ಕೈ ಹಾಕಿದ ಹಾಗೆ. ಅವನು ಬೇರೇದಕ್ಕೆ ಬಗ್ಗಿದ್ದಿರಬಹುದು, ಅದು ಅವನಿಗೂ ದೇವರಿಗೂ ಗೊತ್ತು. ಎದುರಿಗಿದ್ದವನು ಹೆದರಿದ್ದಕ್ಕೆ ಕಾರಣ ಇತ್ತು. ಮುತ್ಲಕ್ ಜೀವ ಉಳಿಸ್ಕೊಂಡ ಅಂತ ನಾನು ಹೇಳ್ತೀನಿ. ಅವನ ಜನ ತಮ್ಮ ಮನೆಗೆ ಬರಬಹುದು." ಅವನು ಪಿಸ್ತೂಲನ್ನು ಪಕ್ಕಕ್ಕೆ ಸರಿಸಿದ. "ಆ ಜಾಗ ಖಾಲಿ ಮಾಡಿದವರ ನ್ಯಾಯ ಬೇರೆ. ಅದು ಈ ಮನೆ ಒಳಗಿನದು. ನನ್ನ ಮುಂದೆ ಅದನ್ನ ಯಾರೂ ಇಟ್ಟಿಲ್ಲ."

ಅನ್ನ ಮಾಂಸದ ದೊಡ್ಡ ತಟ್ಟೆಗಳು ಹೋದವು, ಹೆಚ್ಚು ಕಡಿಮೆ ಹಾಗೆಯೇ ತಿರುಗಿ ಬಂದವು. ಗಾಡಿ ಹತ್ತುವ ಮೊದಲು ಶಿಹಾದೆ ಮನೆಯ ಹಿಂಬದಿಗೆ ಬಂದ. ಹಮ್ದಾ ಟ್ಯಾಂಕಿನ ಹತ್ತಿರ ನಿಂತಿದ್ದಳು. ಅವನ ಕಣ್ಣಲ್ಲಿ ನೀರಿತ್ತು.

"ನಮ್ಮೆಲ್ಲರ ತಲೆ ಎತ್ತಿ ನಿಲ್ಲಿಸಿದೆ ಮಗಳೇ."

"ನಾನೂ ಬರ್ತೀನಿ ಚಿಕ್ಕಪ್ಪ. ಇವತ್ತೇ."

ಅವನು ಅತ್ತಿತ್ತ ನೋಡಿದ. "ಅದು ಹೇಗಾಗುತ್ತೆ, ನೀನೇ ಯೋಚನೆ ಮಾಡು. ಈಗ ನೀನು ನಮ್ಮ ಗಾಡಿ ಹತ್ತಿದ್ರೆ ನಾವೇ ಹೇಳಿ ಮಾಡಿಸಿದ್ದು ಅಂತ ಆಗುತ್ತೆ. ಗೆದ್ದಿದ್ದೆಲ್ಲ ಹೋಗುತ್ತೆ. ಸ್ವಲ್ಪ ದಿನ ತಡ್ಕೊ. ಫವ್ವಾಜ್ ಒಳ್ಳೆ ಮನುಷ್ಯ." ಅವಳ ತಲೆ ಮುಟ್ಟಲು ಎತ್ತಿದ ಕೈಯನ್ನು, ಯಾರಾದರೂ ನೋಡಿಯಾರು ಎಂದೋ ಏನೋ, ಅರ್ಧದಲ್ಲೇ ಇಳಿಸಿ ಅವನು ಹೋದ. ಅವಳಿಗೆ ಸಿಟ್ಟು ಬರಲಿಲ್ಲ. ಅವನ ಮಾತು ಸರಿಯಿತ್ತು, ಅದೇ ದೊಡ್ಡ ಹಿಂಸೆಯಾಗಿತ್ತು.

ಉಗ್ರಾಣದಲ್ಲಿ ತುರ್ಕಿಯ್ಯಾ ಜಜ್ಜುಗಲ್ಲನ್ನು ತೊಳೆಯುತ್ತಿದ್ದಳು. ಹಮ್ದಾ ಒಳಗೆ ಬಂದರೂ ತಲೆ ಎತ್ತಲಿಲ್ಲ.

"ನನ್ನ ಹೆಸರು ಯಾಕೆ ಹೇಳಲಿಲ್ಲ ನೀನು?"

"ನೀವೇ ಹೇಳ್ತೀರಿ ಅಂತ ಕಾದೆ."

"ಕಾಯಬಾರದಿತ್ತು." ಅವಳು ಕಲ್ಲನ್ನು ತಿರುಗಿಸಿ ಇನ್ನೊಂದು ಮಗ್ಗುಲನ್ನು ಉಜ್ಜಿದಳು. ಆಮೇಲೆ ಆ ಕೈಗಳು ನಿಂತವು. "ಅವನು ಹೋಗೋವಾಗ ಹಾರ್ನ್ ಹೊಡೆದ, ಕೇಳಿಸ್ತಾ ನಿನಗೆ? ನನಗೆ ಕೇಳಿಸ್ತು. ಓಡಿ ಹೋಗಿ ಹೇಳೋಣ ಅನ್ನಿಸ್ತು, ಅದು ಅಲ್ಲಿಲ್ಲ ಕಣೋ ಅಂತ. ಹೇಳಿದ್ರೆ ಅವನು ಬಗ್ತಿರಲಿಲ್ಲ."

ಹಮ್ದಾ ಅವಳ ಕೈಯಿಂದ ಕಲ್ಲನ್ನು ತೆಗೆದುಕೊಂಡು ಒರೆಸಿ ಗೋಡೆಗೆ ಒರಗಿಸಿದಳು. ಹೊರಗೆ ಗುಡಾರ ಬಿಚ್ಚುವ ಸದ್ದು. ಗೂಟ ಕೀಳುವವರು ಎಂದಿನಂತೆ ಕೂಗಾಡುತ್ತಿರಲಿಲ್ಲ, ಪಿಸುಮಾತಿನಲ್ಲಿ ಕೆಲಸ ಮಾಡುತ್ತಿದ್ದರು.

ಹೊತ್ತು ಇಳಿಯುವಾಗ ಫವ್ವಾಜ್ ಬಂದ. ತಾಯಿಗೆ, "ಅಮ್ಮಾ, ನೀನು ದೊಡ್ಡಮ್ಮನ ಮನೆಗೆ ಹೋಗು" ಎಂದ. ಅವಳು ಎದ್ದಳು. ಬಾಗಿಲಲ್ಲಿ ತಾಯಿ ಮಗ ಒಬ್ಬರನ್ನೊಬ್ಬರು ದಾಟುವಾಗ ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಅವನು ಹಮ್ದಾಳ ಎದುರು ಕೂರಲಿಲ್ಲ, ನಿಂತೇ ಇದ್ದ.

"ನಿನಗೆ ಆ ಗಂಟು ಹಾಕೋಕೆ ಬರಲ್ಲ."

ಅವಳು ಒರೆಸಿಟ್ಟ ಕಲ್ಲನ್ನು ಗೋಡೆಗೆ ಇನ್ನಷ್ಟು ಒತ್ತಿ ನಿಲ್ಲಿಸಿದಳು.

"ಅಲ್ಲಿ ನಾನು ಹೇಳಬೇಕಿತ್ತು. ಹೇಳಲಿಲ್ಲ. ಅಮ್ಮನ್ನ ಅಷ್ಟು ಜನರ ಮುಂದೆ..." ಅವನು ಗಡ್ಡವನ್ನು ಉಜ್ಜಿಕೊಂಡ. "ನೀನು ಹೇಳಿದ್ದೇ ಇರಲಿ. ಇನ್ನು ಅದನ್ನ ಬದಲಾಯಿಸೋಕಾಗಲ್ಲ."

"ಹಾಗಾದ್ರೆ ನಾನು ಏನಾದೆ?"

"ಹೊರಗೆ ದೊಡ್ಡಪ್ಪನ ಮಕ್ಕಳು ಅದನ್ನೇ ಕೇಳ್ತಿದಾರೆ. ಏನು ಮಾಡ್ತೀಯ ಅಂತ ನನ್ನ ಕೇಳ್ತಿದಾರೆ." ಅವನ ದನಿ ಬಳಲಿತ್ತು. "ತಮ್ಮನ ಬಟ್ಟೆ ಇನ್ನೂ ಗೂಟದಲ್ಲಿದೆ ಹಮ್ದಾ. ಅದನ್ನ ನೋಡಿದಾಗ ನನಗೂ ಏನೇನೋ ಅನ್ನಿಸುತ್ತೆ. ಗೊತ್ತಿದ್ದೂ ಅನ್ನಿಸುತ್ತೆ. ಬಾಗಿಲು ಹಾಕ್ಕೋ. ಯಾರು ಕರೆದ್ರೂ ತೆಗೀಬೇಡ. ನಾನು ಕರೆದ್ರೂ ತೆಗೀಬೇಡ."

ಅವನು ಹೋದ ಮೇಲೆ ಅವಳು ಚಿಲಕ ಹಾಕಿ, ಹಿಟ್ಟಿನ ಚೀಲಗಳ ನಡುವೆ ನೆಲದ ಮೇಲೆ ಕೂತಳು. ಉಗ್ರಾಣಕ್ಕೆ ಕಿಟಕಿ ಇರಲಿಲ್ಲ, ಬಾಗಿಲಿನ ಕೆಳಗಿನಿಂದ ಬರುವ ಕೆಂಪು ಬೆಳಕಿನ ಪಟ್ಟಿ ಮಾತ್ರ ಇತ್ತು. ಆ ಪಟ್ಟಿಯಲ್ಲಿ ಕಾಲುಗಳ ನೆರಳು ಬಂದು ಹೋಗುತ್ತಿತ್ತು. ಮಾತು ಕೇಳುತ್ತಿತ್ತು, ಶಬ್ದಗಳು ತಿಳಿಯುತ್ತಿರಲಿಲ್ಲ. ಫವ್ವಾಜ್‌ನ ದನಿ ಒಂದು ಸಲ ಏರಿತು, ಆಮೇಲೆ ಬೇರೆ ದನಿಗಳು ಅದನ್ನು ಮುಚ್ಚಿದವು. ಸಂಜೆಯ ಬಾಂಗ್ ಕೂಗಿ ಮುಗಿಯಿತು. ಹೆಜ್ಜೆಗಳು ಬಾಗಿಲ ತನಕ ಬಂದು ನಿಂತವು.

"ಹಮ್ದಾ."

ಅವನದೇ ದನಿ. ಮದುವೆಯಾದ ಹೊಸದರಲ್ಲಿ, ಬೇರೆಯವರಿಗೆ ಕೇಳಬಾರದೆಂದು ಕರೆಯುತ್ತಿದ್ದಷ್ಟು ಮೆತ್ತಗಿನ ದನಿ.

"ಹಮ್ದಾ, ತೆಗಿ. ಗಾಡಿ ತಂದಿದೀನಿ. ಅಬು ತರಾದ್ ಮನೆಗೆ ಬಿಟ್ಟು ಬರ್ತೀನಿ. ಅವರ ಸೂರಿನ ಕೆಳಗೆ ಹೋದವರನ್ನ ಯಾರೂ ಮುಟ್ಟಲ್ಲ."

ಅವಳು ಎದ್ದು ಬಾಗಿಲಿನ ಹತ್ತಿರ ನಿಂತಳು. ಕೆಳಗಿನ ಬೆಳಕಿನಲ್ಲಿ ಎರಡೇ ಕಾಲುಗಳ ನೆರಳಿದೆಯೋ, ಹೆಚ್ಚೋ, ತಿಳಿಯಲಿಲ್ಲ. ನಿಜವಾಗಿ ಗಾಡಿ ತಂದಿರಬಹುದು. ತಾನು ಕರೆದರೂ ತೆಗೆಯಬೇಡ ಎಂದವನು ಯಾವುದಕ್ಕೆ ಬಂದಿರಬಹುದೋ ಅದಕ್ಕೇ ಬಂದಿರಲೂಬಹುದು. ಅವಳ ಕೈ ಚಿಲಕದವರೆಗೆ ಹೋಗಿ ತಡೆಯಿತು. ಟ್ಯಾಂಕರಿನ ಮೆಟ್ಟಿಲ ಮೇಲೆ ನಿಂತ ಮುತ್ಲಕ್‌ನ ಕೈ ಕೂಡ ಹೀಗೇ ತಡೆದಿರಬೇಕು ಎಂದು ಅವಳಿಗೆ ಹೊಳೆಯಿತು. ಒಬ್ಬ ಮನುಷ್ಯನ ಬೆನ್ನನ್ನೋ ದನಿಯನ್ನೋ ಹಿಡಿದು ಅವನ ಕೈಯಲ್ಲಿ ಏನಿದೆ ಎಂದು ಹೇಳಬೇಕಾದ ಆ ಹೊತ್ತು ಇಷ್ಟು ಉದ್ದವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ತಮ್ಮನ ಮೇಲಿನ ತಪ್ಪನ್ನು ಇಳಿಸಿದ್ದು ತಾನು, ಆದರೆ ಇವತ್ತಿನವರೆಗೂ ತಾನು ಅವನನ್ನು ಕ್ಷಮಿಸಿರಲಿಲ್ಲ ಎಂಬುದೂ ಆಗಲೇ ಗೊತ್ತಾಯಿತು. ಈಗಲೂ ಕ್ಷಮಿಸಲು ಆಗಲಿಲ್ಲ. ಹಾಯಿಲ್ ಸ್ಪ್ಯಾನರಿಗೆ ಬಗ್ಗಿದ್ದಿದ್ದರೆ?

"ಹಮ್ದಾ, ಬೇಗ," ಎಂದ ಫವ್ವಾಜ್.

ಅವಳು ಚಿಲಕ ಸರಿಸಿದಳು.

ಫವ್ವಾಜ್ ಹೊಸ್ತಿಲಿನಿಂದ ಒಂದು ಮಾರು ದೂರದಲ್ಲಿ ನಿಂತಿದ್ದ. ಅವಳಿಗೆ ಕಾಣಲಿ ಎಂದು ಎರಡೂ ಕೈಗಳನ್ನು ಮೈಯಿಂದ ದೂರ ಚಾಚಿ, ಅಂಗೈ ಮೇಲೆ ಮಾಡಿ ಹಿಡಿದಿದ್ದ. ಅವು ಖಾಲಿ ಇದ್ದವು. ಅವನ ಬೆನ್ನ ಹಿಂದೆ, ಎಂಜಿನ್ ನಿಲ್ಲಿಸದ ಗಾಡಿಗೂ ಬಾಗಿಲಿಗೂ ನಡುವೆ, ದೊಡ್ಡಪ್ಪನ ಮಕ್ಕಳು ಬಂದು ನಿಂತಿರುವುದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಅವರು ನಿಲುವಂಗಿಗಳನ್ನು ಮೈತುಂಬ ಹೊದ್ದಿದ್ದರು. ಅವರ ಕೈಗಳು ಕಾಣುತ್ತಿರಲಿಲ್ಲ.